ಟೈರ್ ದೊಡ್ಡದಾಯಿತು, ಸ್ಪ್ರಾಕೆಟ್‌ಗೆ ಎಷ್ಟು ಹಲ್ಲು?

ಪ್ರಶ್ನೆ: ನಾನು ಅಮೆರಿಕದ ಅರಿಜೋನಾದಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಕೊಂಡ ಯಮಹಾ ರ‍್ಯಾಪ್ಟರ್ 700ಆರ್ ಎಟಿವಿ (ಕಚ್ಚಾ ಹಾದಿಯ ನಾಲ್ಕು ಚಕ್ರದ ಗಾಡಿ) ನನ್ನ ಬಳಿ ಇದೆ. ಕಲ್ಲುಹಾದಿಯಲ್ಲಿ ಹಿಂದಿನ ಆಕ್ಸಲ್ ಭಾಗ ತಾಗುತ್ತದೆಂದು ಹಿಂದಿನ 20 ಇಂಚಿನ ಟೈರುಗಳನ್ನು ತೆಗೆಸಿ 22 ಇಂಚಿನವನ್ನು ಹಾಕಿಸಿದೆ. ಅಂದಿನಿಂದ ಏರು ಹತ್ತುವಾಗ ಒಂದನೇ ಗೇರಿನಲ್ಲೂ ಕ್ಲಚ್ ಅರ್ಧ ಹಿಡಿದೇ ಓಡಿಸಬೇಕಾಗಿದೆ. ಐದನೇ ಗೇರಿಗೆ ಹಾಕಿದರೆ ಎಂಜಿನ್ ಎಳೆಯುವುದೇ ಇಲ್ಲ. ಚೈನ್ ಓಡುವ ಹಲ್ಲುಚಕ್ರಗಳಲ್ಲಿ, ಅಂದರೆ ಸ್ಪ್ರಾಕೆಟ್‌ಗಳಲ್ಲಿ, ಎಂಜಿನ್ ಕಡೆಯ ಮುಂದಿನದನ್ನು ಬದಲಿಸಬೇಕೋ, ಆಕ್ಸಲ್ ಮೇಲಿನ ಹಿಂದಿನದನ್ನೋ? ಎಷ್ಟು ಹಲ್ಲಿನದು? ನಾನೇ ಕೂರಿಸಿಕೊಂಡ ಸ್ಪೀಡೋಮೀಟರ್ ಈಗ ತಪ್ಪು ತೋರಿಸುತ್ತಿರಬಹುದೇ?

ಉತ್ತರ: ನಿಮ್ಮ ಎಂಜಿನ್‌ಗೆ ಏನೂ ಆಗಿಲ್ಲ. ಟೈರ್ ದೊಡ್ಡದಾದಷ್ಟೂ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಆ ಹೆಚ್ಚುವರಿ ದೂರದ ಭಾರವನ್ನು ಎಂಜಿನ್ ಅದೇ ಸುತ್ತಿನಲ್ಲಿ ಹೊರಬೇಕಾಗುತ್ತದೆ. ರಿವರ್ಸ್ ಸೇರಿದಂತೆ ಎಲ್ಲ ಗೇರುಗಳೂ ಒಂದೇ ಪ್ರಮಾಣದಲ್ಲಿ ಭಾರವಾಗಿವೆ, ಆದರೆ ಕ್ಲಚ್ ಬಿಟ್ಟು ಹೊರಡುವ ಒಂದನೇ ಗೇರಿನಲ್ಲಿಯೂ ಗಾಳಿಯನ್ನು ಸೀಳಬೇಕಾದ ಐದನೇ ಗೇರಿನಲ್ಲಿಯೂ ಮಾತ್ರ ಅದು ನಿಮಗೆ ಎದ್ದು ಕಾಣುತ್ತಿದೆ. ಕ್ಲಚ್ ಅರ್ಧ ಹಿಡಿದು ಓಡಿಸುವುದನ್ನು ಮಾತ್ರ ಇಂದೇ ನಿಲ್ಲಿಸಿ. ಕ್ಲಚ್ ಪ್ಲೇಟ್ ಸುಟ್ಟುಹೋದರೆ ಅದರ ಖರ್ಚಿನ ಮುಂದೆ ಸ್ಪ್ರಾಕೆಟ್ ಖರ್ಚು ಏನೂ ಅಲ್ಲ.

ಲೆಕ್ಕಕ್ಕೆ ಮೊದಲು ಎರಡು ಕೆಲಸಗಳಿವೆ. ಮೊದಲನೆಯದು, ಈಗ ಗಾಡಿಯಲ್ಲಿರುವ ಸ್ಪ್ರಾಕೆಟ್‌ಗಳ ಹಲ್ಲುಗಳನ್ನು ಎಣಿಸುವುದು. ರ‍್ಯಾಪ್ಟರ್ 700 ಕಂಪನಿಯಿಂದ ಬರುವುದು ಮುಂದೆ 14, ಹಿಂದೆ 38 ಹಲ್ಲುಗಳೊಂದಿಗೆ. ಆದರೆ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಿಂದಿನ ಮಾಲೀಕರು ಏನನ್ನು ಕೂರಿಸಿದ್ದಾರೋ ಹೇಳಲಾಗದು. ಬಣ್ಣದ ಪೆನ್ನಿನಿಂದ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದರೆ ಎರಡು ನಿಮಿಷದ ಕೆಲಸ.

ಎರಡನೆಯದೇ ಮುಖ್ಯವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಟೈರಿನ ಮೇಲೆ ಅಚ್ಚಾಗಿರುವ 20, 22 ಎಂಬ ಅಂಕಿಗಳನ್ನು ನಂಬಿ ಲೆಕ್ಕ ಹಾಕಬೇಡಿ. ಎಟಿವಿ ಟೈರುಗಳಲ್ಲಿ ಗಾಳಿ ಬಹಳ ಕಡಿಮೆ, ನಾಲ್ಕೈದು ಪಿಎಸ್‌ಐ ಆಸುಪಾಸು ಇರುವುದರಿಂದ, ಸವಾರ ಕುಳಿತಾಗ ಟೈರ್ ಎಷ್ಟು ಕುಸಿಯುತ್ತದೆ ಎಂಬುದು ಅದರ ಪಕ್ಕದ ಗೋಡೆಯ ಗಡಸುತನದ ಮೇಲೆ ನಿಂತಿದೆ. ಜೊತೆಗೆ ಒಂದೇ ಅಳತೆ ಅಚ್ಚಾದ ಎರಡು ಕಂಪನಿಗಳ ಟೈರುಗಳು ನಿಜದಲ್ಲಿ ಒಂದೇ ಎತ್ತರ ಇರುವುದಿಲ್ಲ. ಗಾಳಿ ಸರಿಯಾಗಿ ಹಾಕಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೀರು ಎಳೆಯಿರಿ. ನೀವು ಮೇಲೆ ಕುಳಿತು, ಇನ್ನೊಬ್ಬರಿಂದ ಗಾಡಿಯನ್ನು ನೇರವಾಗಿ ತಳ್ಳಿಸಿ, ಟೈರಿನ ಗೀರು ಮತ್ತೆ ನೆಲಕ್ಕೆ ಬಂದಲ್ಲಿ ಇನ್ನೊಂದು ಗೀರು ಹಾಕಿ. ಎರಡು ಗೀರುಗಳ ನಡುವಿನ ದೂರವೇ ನಿಮಗೆ ಬೇಕಾದ ಅಳತೆ. ಹಳೆಯ ಟೈರನ್ನೂ ಹೀಗೆಯೇ ಅಳೆಯಿರಿ. ಅದು ಬೋಳಾಗಿದ್ದರೆ ವ್ಯತ್ಯಾಸ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ಈ ಅಳತೆ ಉತ್ತರವನ್ನೇ ಬದಲಿಸಬಲ್ಲದು. 38ನ್ನು 14ರಿಂದ ಭಾಗಿಸಿದರೆ 2.71, ಇದು ಕಂಪನಿಯ ಅನುಪಾತ. ಟೈರಿನ ಮೇಲಿನ ಅಂಕಿಯಂತೆ ವ್ಯತ್ಯಾಸ ಶೇ. 10 ಎಂದುಕೊಂಡರೆ ಬೇಕಾದ ಅನುಪಾತ 2.99, ಅಂದರೆ ಹಿಂದೆ 42 ಹಲ್ಲು ಎಂದು ಉತ್ತರ ಬರುತ್ತದೆ. ಅದೇ ನೆಲದ ಮೇಲೆ ಅಳೆದಾಗ ಹಳೆಯದು 155 ಸೆಂ.ಮೀ., ಹೊಸದು 168 ಸೆಂ.ಮೀ. ಬಂತೆನ್ನಿ, ಆಗ ನಿಜವಾದ ವ್ಯತ್ಯಾಸ ಶೇ. 8.4 ಮಾತ್ರ, ಬೇಕಾದ ಅನುಪಾತ 2.94. ಮುಂದೆ 13 ಹಾಕಿ ಹಿಂದೆ 38 ಅನ್ನೇ ಉಳಿಸಿಕೊಂಡರೆ 2.92; ಮುಂದೆ 14 ಉಳಿಸಿ ಹಿಂದೆ 41 ಹಾಕಿದರೆ 2.93. ಎರಡೂ ಸಾಕಷ್ಟು ಹತ್ತಿರ. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ಮೂರು ಹಲ್ಲಿಗೆ ಸಮ ಎನ್ನುವುದು ಹೀಗೆಯೇ. ಅನುಪಾತದ ಅಂಕಿ ದೊಡ್ಡದಾದರೆ ಎಳೆತ ಹೆಚ್ಚು, ಟಾಪ್ ಸ್ಪೀಡ್ ಕಡಿಮೆ. ಅಂಗಡಿಯಲ್ಲಿ ಮಾತಾಡುವಾಗ ಇದು ತಲೆಕೆಳಗಾಗುವುದುಂಟು, ಆದ್ದರಿಂದ ಹಲ್ಲಿನ ಸಂಖ್ಯೆಯನ್ನೇ ಹೇಳಿ ಕೊಳ್ಳಿರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮುಂದಿನ 13 ಹಲ್ಲಿನದನ್ನು ಹಾಕಿ ನೋಡುತ್ತಿದ್ದೆ. ಅದು ಅಗ್ಗ, ಇಷ್ಟವಾಗದಿದ್ದರೆ ಹಳೆಯದನ್ನು ಮತ್ತೆ ಹಾಕಿಕೊಳ್ಳಬಹುದು, ಆಕ್ಸಲ್ ಸುಮಾರು 4 ಮಿ.ಮೀ. ಹಿಂದಕ್ಕೆ ಸರಿದರೆ ಇರುವ ಚೈನೇ ಬಿಗಿಯಾಗುತ್ತದೆ. ಚೈನ್ ಈಗಾಗಲೇ ಹಿಗ್ಗಿ, ಹೊಂದಿಸುವ ಜಾಗವೇ ಮುಗಿದಿದ್ದರೆ ಮಾತ್ರ ಇದು ಆಗದು. ಆಗ ಹೇಗೂ ಹೊಸ ಚೈನ್ ಬೇಕು. ಚಿಕ್ಕ ಸ್ಪ್ರಾಕೆಟ್‌ನ ದೋಷವೆಂದರೆ ಚೈನಿನ ಪ್ರತಿ ಕೊಂಡಿಯೂ ಹೆಚ್ಚು ಬಾಗಿ ಬೇಗ ಸವೆಯುತ್ತದೆ, ಸ್ವಿಂಗ್‌ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರುವ ತೋಳು) ಮೇಲಿನ ರಬ್ಬರ್ ಪಟ್ಟಿಗೂ ಚೈನ್ ಹೆಚ್ಚು ಉಜ್ಜುತ್ತದೆ. ಹೇಗಿದ್ದರೂ ಚೈನ್ ಬದಲಿಸುವ ಕಾಲ ಬಂದಿದ್ದರೆ 14ಕ್ಕೆ 41ರ ಜೋಡಿಯೇ ಬಾಳಿಕೆಯ ದಾರಿ. ಇರುವ ಚೈನಿಗೇ 41 ಹಾಕಲು ಹೊರಟರೆ ಆಕ್ಸಲ್ ಸುಮಾರು 12 ಮಿ.ಮೀ. ಮುಂದಕ್ಕೆ ಬರಬೇಕಾಗುತ್ತದೆ, ಅಷ್ಟು ಜಾಗ ಇಲ್ಲದಿದ್ದರೆ ಎರಡು ಕೊಂಡಿ ಹೆಚ್ಚಿರುವ, 520 ಅಳತೆಯ ಚೈನ್ ತನ್ನಿ. ಹಿಂದಿನ ಸ್ಪ್ರಾಕೆಟ್ ಆಕ್ಸಲ್‌ನಿಂದ ಕೆಳಗೆ ಇಳಿಬಿದ್ದಿರುತ್ತದೆ ಎಂಬುದನ್ನೂ ಕಲ್ಲುಹಾದಿಯವರು ಮರೆಯಬಾರದು. 42 ಹಲ್ಲಿನದಾದರೆ 38ಕ್ಕಿಂತ ಸುಮಾರು 10 ಮಿ.ಮೀ. ಕೆಳಗೆ ಬರುತ್ತದೆ, ಅಂದರೆ ದೊಡ್ಡ ಟೈರಿನಿಂದ ಗಳಿಸಿದ ಎತ್ತರದಲ್ಲಿ ಒಂದು ಪಾಲು ಅಲ್ಲಿಯೇ ಹೋಯಿತು. ಸ್ಕಿಡ್ ಪ್ಲೇಟಿಗೆ (ಕೆಳಭಾಗ ಕಾಯುವ ತಗಡು) ತಾಗದಂತೆಯೂ ನೋಡಿಕೊಳ್ಳಬೇಕು.

ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಮುಂದಿನ ಸ್ಪ್ರಾಕೆಟ್‌ನ ನಟ್‌ಗೆ ಲಾಕ್ ವಾಷರ್ ಇದ್ದರೆ ಹೊಸದನ್ನೇ ಬಳಸಿ. ಚೈನ್ ಸಡಿಲವನ್ನು ಮ್ಯಾನ್ಯುಯಲ್ ಹೇಳಿದ ಅಳತೆಗೆ ಇಟ್ಟು, ನಾಲ್ಕಾರು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಸ್ಪೀಡೋಮೀಟರ್ ವಿಷಯ ಅದರ ಸೆನ್ಸರ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಮುಂದಿನ ಸ್ಪ್ರಾಕೆಟ್ ಅಥವಾ ಗೇರ್‌ಬಾಕ್ಸ್‌ನಿಂದ ವೇಗ ಎಣಿಸುವುದಾದರೆ ದೊಡ್ಡ ಟೈರ್ ಬಂದಂದಿನಿಂದ ಅದು ಕಡಿಮೆ ತೋರಿಸುತ್ತಿದೆ, ಸ್ಪ್ರಾಕೆಟ್ ಬದಲಾದ ಕೂಡಲೇ ತಾನಾಗಿ ಸರಿಯಾಗುತ್ತದೆ. ಹಿಂದಿನ ಆಕ್ಸಲ್‌ನಿಂದ ಎಣಿಸುವುದಾದರೆ ಮೀಟರಿನೊಳಗೆ ಟೈರಿನ ಹೊಸ ಸುತ್ತಳತೆಯನ್ನು ತುಂಬಬೇಕು. ಮುಂದಿನ ಚಕ್ರದಲ್ಲಿದ್ದರೆ ಏನೂ ಬದಲಾಗಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಸ್ಪ್ರಾಕೆಟ್ ಬದಲಿಸಿದರೆ ಎಳೆತ ಮರಳುತ್ತದೆ, ಹಿಂದಿನ ಬ್ರೇಕ್ ಮರಳುವುದಿಲ್ಲ. ಡಿಸ್ಕ್ ಇರುವುದು ಆಕ್ಸಲ್ ಮೇಲೆ, ಚೈನಿನಿಂದಾಚೆ. ದೊಡ್ಡ ಟೈರನ್ನು ಹಿಡಿದು ನಿಲ್ಲಿಸಲು ಅದೇ ಡಿಸ್ಕ್ ಶೇ. 8ರಷ್ಟು ಹೆಚ್ಚು ದುಡಿಯಬೇಕು. ಇಳಿಜಾರಿನಲ್ಲಿ ಬ್ರೇಕ್ ಪ್ಯಾಡುಗಳ ಮೇಲೆ ಕಣ್ಣಿಡಿ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಗೇರ್ ಇಲ್ಲದ, ನಾಲ್ಕೂ ಚಕ್ರ ಎಳೆಯುವ ಎಟಿವಿ ಇದೆ. ಮಳೆಗಾಲದ ಕೆಸರಿಗೆಂದು ದೊಡ್ಡ ಟೈರ್ ಹಾಕಿಸಿದ ಮೇಲೆ ಏರಿನಲ್ಲಿ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ. ಇದಕ್ಕೂ ಸ್ಪ್ರಾಕೆಟ್ ಬದಲಿಸಬಹುದೇ?

ಉತ್ತರ: ನಿಮ್ಮ ಗಾಡಿಯಲ್ಲಿ ಚೈನ್ ಇಲ್ಲವಾದರೆ ಬದಲಿಸಲು ಸ್ಪ್ರಾಕೆಟ್ಟೂ ಇಲ್ಲ, ಬೆಲ್ಟ್ ಕ್ಲಚ್‌ನಿಂದ ಶಾಫ್ಟ್ ಮೂಲಕ ಚಕ್ರಗಳಿಗೆ ಶಕ್ತಿ ಹೋಗುತ್ತದೆ. ಸದ್ಯಕ್ಕೆ ಏರು ಹತ್ತುವಾಗ, ಹೊರೆ ಎಳೆಯುವಾಗ ಕಡಿಮೆ ವೇಗ, ಹೆಚ್ಚು ಎಳೆತದ ಲೋ ರೇಂಜ್‌ನಲ್ಲಿಯೇ ಓಡಿಸಿ. ಆಮೇಲೆ ನಿಮ್ಮ ಮಾಡೆಲ್‌ಗೂ ಟೈರಿನ ಅಳತೆಗೂ ಹೊಂದುವ ಕ್ಲಚ್ ಕಿಟ್ ಹಾಕಿಸಿ: ಅದರಲ್ಲಿ ಹಗುರವಾದ ತೂಕಗಳಿರುತ್ತವೆ, ಎಂಜಿನ್ ಹೆಚ್ಚು ಸುತ್ತಿಗೆ ಏರಿದ ಮೇಲಷ್ಟೇ ಬೆಲ್ಟ್ ಹೆಚ್ಚು ವೇಗದ ಅನುಪಾತಕ್ಕೆ ಸರಿಯುತ್ತದೆ. ವಾಸನೆ ಬಂದ ಬೆಲ್ಟನ್ನು ಬಿಚ್ಚಿಸಿ ನೋಡಿ. ಹೊಳಪು ಬಂದು ಗಾಜಿನಂತಾಗಿದ್ದರೆ ಅದು ಮತ್ತೆ ಜಾರುತ್ತದೆ, ಬದಲಿಸುವುದೇ ಸರಿ. ದೊಡ್ಡ ಟೈರ್ ಹಾಕಿಸಿದ್ದು ಹಿಂದೆ ಮಾತ್ರವೋ ನಾಲ್ಕಕ್ಕೂ ಹಾಕಿಸಿದ್ದೀರೋ ಎಂಬುದನ್ನು ನೀವು ಬರೆದಿಲ್ಲ. ಹಿಂದೆ ಮಾತ್ರ ಆಗಿದ್ದರೆ ಫೋರ್ ವೀಲ್ ಡ್ರೈವ್ ಹಾಕುವುದನ್ನು ನಿಲ್ಲಿಸಿ, ಏಕೆಂದರೆ ಮುಂದೆ ಹಿಂದೆ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಲು ಹೊರಟಾಗ ಒಳಗಿನ ಗೇರುಗಳು ಒಂದನ್ನೊಂದು ಹಿಂಡುತ್ತವೆ.