ಅರಬ್ ನಾಡಿನಲ್ಲಿ ಅನೊರೆಕ್ಸಿಯಾ ಅಪರೂಪವೇ?

ಪ್ರಶ್ನೆ: ಅರಬ್ಬರಲ್ಲಿ ಹೆಣ್ಣು ಮೈತುಂಬಿಕೊಂಡಿದ್ದರೇ ಚೆಂದವಂತೆ. ಹಾಗಾದರೆ ಅಲ್ಲಿ ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ), ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವಂಥ ಕಾಯಿಲೆ) ಕಡಿಮೆಯೇ? ಐವರಲ್ಲಿ ಒಬ್ಬ ಹುಡುಗಿಗೆ ಇದೆ ಎಂದೂ ಓದಿದ್ದೇನೆ.

ಉತ್ತರ: ಅಂಥ ದೊಡ್ಡ ಅಂಕಿಗಳು ಹೆಚ್ಚಾಗಿ ತಿನ್ನುವುದರ ಬಗೆಗಿನ ಮನೋಭಾವ ಅಳೆಯುವ ಈಟ್-26 ಎಂಬ ಪ್ರಶ್ನಾವಳಿಯಿಂದ ಬಂದವು. ಅದರಲ್ಲಿ 26 ಹೇಳಿಕೆಗಳಿವೆ. ‘ಯಾವಾಗಲೂ’ ಎಂದರೆ 3 ಅಂಕ, ‘ಬಹುತೇಕ’ ಎಂದರೆ 2, ‘ಆಗಾಗ’ ಎಂದರೆ 1, ಉಳಿದವಕ್ಕೆ ಸೊನ್ನೆ. (ಒಂದು ಹೇಳಿಕೆಗೆ ಮಾತ್ರ ಲೆಕ್ಕ ತಿರುವುಮುರುವು.) ಮೊತ್ತ 20 ಮುಟ್ಟಿತೆಂದರೆ ವೈದ್ಯರು ಕೂರಿಸಿ ಮಾತಾಡಿಸಬೇಕು ಎಂದರ್ಥ, ಕಾಯಿಲೆ ಇದೆ ಎಂದಲ್ಲ.

ಸಂಶೋಧಕಿ ಮೆರ್ವತ್ ನಾಸೆರ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಬಳಸಿದ್ದು ಹಳೆಯ, 40 ಹೇಳಿಕೆಗಳ ರೂಪ. ಲಂಡನ್ನಿನಲ್ಲಿ ಓದುತ್ತಿದ್ದ ಅರಬ್ ಹುಡುಗಿಯರಲ್ಲಿ ಶೇ. 22, ಕೈರೋದಲ್ಲಿ ಶೇ. 12 ಮಂದಿ ಆ ರೂಪದ ಗಡಿ ದಾಟಿದರು. ಮುಖಾಮುಖಿ ಮಾತಾಡಿಸಿದಾಗ ಲಂಡನ್ನಿನಲ್ಲಿ 6 ಮಂದಿಗೆ ಬುಲಿಮಿಯಾ ಇತ್ತು. ಕೈರೋದಲ್ಲಿ ಒಬ್ಬರಿಗೂ ಇರಲಿಲ್ಲ. ಹಾಗೆಂದು ಕೈರೋ ಸುರಕ್ಷಿತ ಎನ್ನಬೇಡಿ: ಅದೇ ಸಂಶೋಧಕಿ ಮುಂದೆ ಅಲ್ಲಿನ ಶಾಲಾ ಹುಡುಗಿಯರಲ್ಲೂ ಬುಲಿಮಿಯಾ ಕಂಡರು.

ಪ್ರಶ್ನಾವಳಿಯಲ್ಲೇ ಒಂದು ತೊಡಕಿದೆ. ‘ನಾನು ಇನ್ನಷ್ಟು ತಿನ್ನಲಿ ಎಂದು ಇತರರು ಬಯಸುತ್ತಾರೆ’, ‘ತಿನ್ನು ಎಂದು ಒತ್ತಾಯಿಸುತ್ತಾರೆ’ ಎಂಬ ಎರಡು ಹೇಳಿಕೆಗಳನ್ನೇ ನೋಡಿ. ತಟ್ಟೆ ಖಾಲಿಯಾಗಲು ಬಿಡದ ಅರಬ್ ಮನೆಯಲ್ಲಿ ಆರೋಗ್ಯವಂತ ಹುಡುಗಿಯೂ ಎರಡಕ್ಕೂ ‘ಯಾವಾಗಲೂ’ ಎಂದಾಳು. 6 ಅಂಕ ಅಲ್ಲೇ ಬಿತ್ತು! ಇನ್ನೊಂದು ಕಡೆ, ಮನೋವೈದ್ಯರ ಬಳಿ ಹೋಗಲು ನಾಚುವವರು ಹೊಟ್ಟೆನೋವು, ಮುಟ್ಟು ನಿಂತಿದ್ದು ಎಂದು ಬೇರೆ ವೈದ್ಯರ ಬಾಗಿಲು ತಟ್ಟುತ್ತಾರೆ. ಅವರು ಲೆಕ್ಕಕ್ಕೇ ಸಿಗುವುದಿಲ್ಲ.

‘ತುಂಬಿದ ಮೈ’ಯ ಮಾತೂ ಎಲ್ಲೆಡೆ ಒಂದೇ ಅಲ್ಲ. ಮಾರಿಟೇನಿಯಾದಲ್ಲಿ ಹುಡುಗಿಯರಿಗೆ ಹಾಲು, ಕುಸ್‌ಕುಸ್ ಬಲವಂತವಾಗಿ ತಿನ್ನಿಸಿ ದಪ್ಪ ಮಾಡುವ ‘ಲೆಬ್ಲೂಹ್’ ಪದ್ಧತಿ ಇದೆ. ಲೆಬನಾನಿನ ಬೈರೂತಿನ ಹುಡುಗಿಯ ಕನ್ನಡಿ ತೆಳ್ಳಗಿನ ಮೈಯನ್ನೇ ಕೇಳುತ್ತದೆ.

ಪ್ರಶ್ನೆ: ಇಂಥ ಕಾಯಿಲೆ ಇರುವವರು ರಂಜಾನ್ ಉಪವಾಸ ಮಾಡಬಹುದೇ?

ಉತ್ತರ: ತೂಕ ತೀರಾ ಇಳಿದಿದ್ದರೆ, ವಾಂತಿ ಮಾಡಿಕೊಳ್ಳುತ್ತಿದ್ದರೆ ಬೇಡ. ಕಾಯಿಲೆಯವರು ಬೇರೆ ದಿನ ತೀರಿಸಬಹುದೆಂದು ಕುರಾನ್ (2:185) ರಿಯಾಯಿತಿ ಕೊಟ್ಟಿದೆ. ಹಗಲೆಲ್ಲ ಯಾರೂ ಉಣ್ಣದ ಆ ತಿಂಗಳು ಅನೊರೆಕ್ಸಿಯಾಗೆ ಒಳ್ಳೆಯ ಮರೆ. ಬುಲಿಮಿಯಾದಲ್ಲಿ ಸಂಜೆ ಉಪವಾಸ ಮುರಿಯುವ ಇಫ್ತಾರ್‌ನಲ್ಲಿ ಮಿತಿಮೀರಿ ತಿಂದು ವಾಂತಿ ಮಾಡಿದರೆ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ತುಂಬ ದಿನ ಹಸಿದ ದೇಹಕ್ಕೆ ಒಮ್ಮೆಲೇ ಭಾರೀ ಊಟ ಕೊಟ್ಟರೆ ರಕ್ತದ ಫಾಸ್ಫೇಟ್ ಬೀಳುತ್ತದೆ, ಅದೂ ಪ್ರಾಣಾಪಾಯ. ಹಾಗಾಗಿ ತಿಂಗಳು ಶುರುವಾಗುವ ಮೊದಲೇ ತೂಕ, ನಾಡಿ, ಇಸಿಜಿ ಮತ್ತು ಈ ಎರಡು ಲವಣಗಳ ರಕ್ತಪರೀಕ್ಷೆ ಮಾಡಿಸಿ. ಇಫ್ತಾರ್ ಮುಗಿದೊಡನೆ ಕಾಯಿಲೆಯ ಹುಡುಗಿ ಬಚ್ಚಲಿಗೆ ಹೋಗಿ, ವಾಂತಿಯ ಸದ್ದು ಕೇಳದಂತೆ ನಲ್ಲಿ ಬಿಟ್ಟುಕೊಂಡು ಕೂರುತ್ತಾಳೆಯೇ ಎಂಬುದನ್ನು ಮನೆಯವರು ಗಮನಿಸಿ ವೈದ್ಯರಿಗೆ ತಿಳಿಸಬೇಕು.