ಧೂಮಕೇತುವಿನ ಬಂಡೆಗಳನ್ನು ಎಣಿಸುವುದು ಹೇಗೆ?

ಪ್ರಶ್ನೆ: ರೊಸೆಟ್ಟಾ ನೌಕೆಯ ಚಿತ್ರಗಳನ್ನು ನೋಡಿ ಧೂಮಕೇತುವೊಂದರ ಮೇಲಿನ ಸಾವಿರಾರು ಬಂಡೆಗಳನ್ನು ಅಳೆದಿದ್ದಾರೆಂದು ಓದಿದೆ. ಅಷ್ಟು ದೂರದಿಂದ ತೆಗೆದ ಚಿತ್ರದಲ್ಲಿ ಬಂಡೆ ಯಾವುದು, ಗುಂಡಿ ಯಾವುದು ಎಂದು ತಿಳಿಯುವುದು ಹೇಗೆ? ಕಲ್ಲು ಎಣಿಸಿ ಬರುವ ಲಾಭವಾದರೂ ಏನು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಾವು ಓದಿರುವುದು 67ಪಿ ಚುರ್ಯುಮೊವ್–ಗೆರಾಸಿಮೆಂಕೊ ಧೂಮಕೇತುವಿನ ವಿಷಯ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ರೊಸೆಟ್ಟಾ 2014ರ ಆಗಸ್ಟ್ 5 ಮತ್ತು 6ರಂದು, ಇನ್ನೂ ನೂರು ಕಿಲೋಮೀಟರಿಗೂ ಆಚೆ ಇದ್ದಾಗಲೇ, ತನ್ನ ಓಸಿರಿಸ್ ಕ್ಯಾಮೆರಾದಿಂದ ಅದರ ಚಿತ್ರಗಳನ್ನು ತೆಗೆಯಿತು. ಆ ಚಿತ್ರಗಳ ಒಂದೊಂದು ಪಿಕ್ಸೆಲ್ ನೆಲದ ಎರಡರಿಂದ ಎರಡೂವರೆ ಮೀಟರಿಗೆ ಸಮ.

ಬಂಡೆಯ ಗುರುತು ಸಿಗುವುದು ನೆರಳಿನಿಂದ. ಬಿಸಿಲು ಓರೆಯಾಗಿ ಬೀಳುವಾಗ ಬಂಡೆಯ ಸೂರ್ಯನತ್ತಲಿನ ಮೈ ಬೆಳಗಿ, ಹಿಂದೆ ನೀಳವಾದ ನೆರಳು ಚಾಚುತ್ತದೆ. ಗುಂಡಿಯಲ್ಲಾದರೆ ಸೂರ್ಯನತ್ತಲಿನ ಅಂಚಿನ ಒಳಗೇ ಕತ್ತಲು ಕೂತು, ಎದುರಿನ ಗೋಡೆ ಬೆಳಗುತ್ತದೆ. ಹೀಗೆ ಖಚಿತವಾದ ಬಂಡೆಯ ಸುತ್ತ ಪರದೆಯ ಮೇಲೆ ಒಂದು ವೃತ್ತ ಎಳೆದು, ಅದರ ವ್ಯಾಸವನ್ನೇ ಬಂಡೆಯ ಅಳತೆಯೆಂದು ಬರೆದುಕೊಳ್ಳುತ್ತಾರೆ. ಬೇಸರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಮೂರು ಪಿಕ್ಸೆಲ್ಲಿಗಿಂತ ಚಿಕ್ಕದಾಗಿ ಕಂಡದ್ದನ್ನು ನಂಬುವಂತಿಲ್ಲವಾದ್ದರಿಂದ ಇಲ್ಲಿನ ಕೆಳಮಿತಿ 7 ಮೀಟರ್. ಅದಕ್ಕಿಂತ ಸಣ್ಣವು ಅಲ್ಲಿ ಇಲ್ಲವೆಂದಲ್ಲ, ಕ್ಯಾಮೆರಾಕ್ಕೆ ಸಿಕ್ಕಿಲ್ಲ ಅಷ್ಟೆ. ಈ ವ್ಯತ್ಯಾಸವನ್ನು ಮರೆತು ಲೆಕ್ಕ ಹಾಕಿದವರಿಗೆ, ಧೂಮಕೇತುವಿನ ಮೇಲೆ ಸಣ್ಣ ಕಲ್ಲುಗಳೇ ಕಡಿಮೆ ಎಂಬ ತಪ್ಪು ಉತ್ತರ ಬರುತ್ತದೆ. ಇಟಲಿಯ ಮೌರಿಜಿಯೊ ಪಜೋಲಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಬಿಸಿಲು ಬಿದ್ದ ಭಾಗದಲ್ಲಷ್ಟೇ, 7 ಮೀಟರಿಗೆ ಕಡಿಮೆಯಿಲ್ಲದ 3,546 ಬಂಡೆಗಳಿವೆ. ಇಮ್ಹೋಟೆಪ್ ಪ್ರದೇಶದ 'ಕಿಯೋಪ್ಸ್' ಎಂಬ ಬಂಡೆ ಸುಮಾರು 45 ಮೀಟರಿನದು.

ಇನ್ನು ಲಾಭದ ಮಾತು. ಒಟ್ಟು ಸಂಖ್ಯೆಗಿಂತ, ದೊಡ್ಡದಕ್ಕೆ ಹೋಲಿಸಿದರೆ ಸಣ್ಣವು ಎಷ್ಟು ಹೆಚ್ಚು ಎಂಬುದೇ ಇಲ್ಲಿ ಮುಖ್ಯ. ಅದನ್ನು ಹೇಳುವ ಸಂಖ್ಯೆಯೇ ಘಾತಾಂಕ; ಅದು ದೊಡ್ಡದಾದಷ್ಟೂ ಸಣ್ಣ ಬಂಡೆಗಳ ಪಾಲು ಹೆಚ್ಚು. 67ಪಿಯ ಒಟ್ಟಾರೆ ಘಾತಾಂಕ ಸುಮಾರು 3.6, ಎಂದರೆ ಅಳತೆಯ ಮಿತಿಯನ್ನು ಅರ್ಧಕ್ಕೆ ಇಳಿಸಿದರೆ ಬಂಡೆಗಳ ಸಂಖ್ಯೆ 2ರ 3.6ನೇ ಘಾತದಷ್ಟು, ಅಂದರೆ ಸುಮಾರು 12 ಪಟ್ಟಾಗುತ್ತದೆ. ಎರಡು ಉಂಡೆಗಳನ್ನು ಜೋಡಿಸಿದಂತಿರುವ ಈ ಕಾಯದ ಚಿಕ್ಕ ಉಂಡೆಯಲ್ಲಿ, ಅಂದರೆ 'ತಲೆ'ಯಲ್ಲಿ, ಅದು 16 ಪಟ್ಟು; ನಡುವಿನ 'ಕುತ್ತಿಗೆ'ಯಲ್ಲಾದರೋ ನಾಲ್ಕೂವರೆ ಪಟ್ಟು ಮಾತ್ರ. ಕುತ್ತಿಗೆಯ ಸಣ್ಣ ಬಂಡೆಗಳು ಆವಿಯಾಗಿ ಸವೆದಿರಬಹುದು, ಇಲ್ಲವೇ ಮೇಲಿಂದ ಬಿದ್ದ ದೂಳಿನಡಿ ಹೂತುಹೋಗಿರಬಹುದು. ನೆಲ ಕುಸಿದು ಹೊಸದಾಗಿ ಗುಂಡಿಯಾದಲ್ಲಿ ಪುಡಿಯೇ ಹೆಚ್ಚಾದ್ದರಿಂದ ಘಾತಾಂಕ 5ರಿಂದ 6.5ರವರೆಗೆ ಏರುತ್ತದೆ, ಮಂಜು ಆವಿಯಾಗಿ ಸಡಿಲಗೊಂಡ ಕಡಿದಾದ ಬಂಡೆಗೋಡೆಯಿಂದ ತುಂಡುಗಳು ಉರುಳಿದ ತಳದಲ್ಲಿ 3.5ರಿಂದ 4; ಬಹುಕಾಲ ಸವೆದಲ್ಲಿ 1ರಿಂದ 2. ಕಲ್ಲುರಾಶಿಯನ್ನು ನೋಡಿಯೇ ಅದು ಯಾವ ಜಲ್ಲಿಯಂತ್ರದಿಂದ ಬಂತೆಂದು ಹೇಳುವ ಮೇಸ್ತ್ರಿಯ ಜಾಣ್ಮೆಯೇ ಇದೂ. ಅಸ್ವಾನ್ ಎಂಬ ಬಂಡೆಗೋಡೆಯ ನೆತ್ತಿಯಲ್ಲಿ 70 ಮೀಟರ್ ಉದ್ದದ ಬಿರುಕು 2014ರಲ್ಲೇ ಕಂಡಿತ್ತು. 2015ರ ಜುಲೈ 10ರಂದು ಅಲ್ಲಿಂದ ದೂಳು ಚಿಮ್ಮಿದ್ದನ್ನು ನೌಕೆ ಸೆರೆಹಿಡಿಯಿತು, ಆಮೇಲಿನ ಚಿತ್ರಗಳಲ್ಲಿ ಗೋಡೆಯ ಅಂಚು ಕಾಣೆಯಾಗಿತ್ತು. ಬಂಡೆಗಳು ಹೀಗೆ ಹುಟ್ಟುತ್ತವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಪ್ರಶ್ನೆ: ಆ ಬಂಡೆಗಳು ನಮ್ಮ ಕಲ್ಲಿನಷ್ಟೇ ಗಟ್ಟಿಯೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಅಲ್ಲ, ಬಂಡೆ ಎನ್ನುವುದು ನಾವು ರೂಪ ನೋಡಿ ಕೊಟ್ಟ ಹೆಸರು. ಇಡೀ ಧೂಮಕೇತುವಿನ ಸರಾಸರಿ ಸಾಂದ್ರತೆ ಘನಮೀಟರಿಗೆ ಸುಮಾರು 530 ಕಿಲೋಗ್ರಾಂ, ಅಂದರೆ ನೀರಿನ ಅರ್ಧದಷ್ಟು. ರೊಸೆಟ್ಟಾದಿಂದ 2014ರ ನವೆಂಬರ್ 12ರಂದು ಕೆಳಗಿಳಿದ ಫಿಲೆ ಎಂಬ ಪುಟ್ಟ ಯಂತ್ರ, ಭೂಮಿಯ ಮೇಲೆ 100 ಕಿಲೋ ತೂಗುತ್ತಿದ್ದದ್ದು ಅಲ್ಲಿ ಒಂದು ಗ್ರಾಂನಷ್ಟೇ ಆಗಿದ್ದರಿಂದ, ನಿಲ್ಲಲಾರದೆ ಪುಟಿಯಿತು. ದಾರಿಯಲ್ಲಿ ಎರಡು ಬಂಡೆಗಳ ಸಂದಿಗೆ ತಾಗಿ ಸುಮಾರು ಎರಡು ನಿಮಿಷ ಉಜ್ಜಿತು. ಅಲ್ಲಿ ಸುಮಾರು 25 ಸೆಂಟಿಮೀಟರ್ ಆಳದ ಗುರುತು ಬಿದ್ದಿತ್ತು. ಆ ಗುರುತನ್ನು ಹುಡುಕಿ ಲೆಕ್ಕಹಾಕಿದವರು 2020ರಲ್ಲಿ ಹೇಳಿದ್ದೇನೆಂದರೆ, ಬಂಡೆಯೊಳಗಿನ ದೂಳುಮಿಶ್ರಿತ ಮಂಜು ಕ್ಯಾಪುಚಿನೊ ಕಾಫಿಯ ನೊರೆಗಿಂತಲೂ ಮೃದು. ಅದೇ ಫಿಲೆ ಕೊನೆಗೆ ನಿಂತ ಜಾಗದಲ್ಲಿ ಮಾತ್ರ ಅದರ ಸುತ್ತಿಗೆಯ ಪೆಟ್ಟಿಗೆ ನೆಲ ಜಗ್ಗಲಿಲ್ಲ.