ಬಿಚ್ಚಲಾಗದ ಜಾಕೆಟ್: ಋತುಬಂಧ ಮತ್ತು ಕಚೇರಿ ಉಡುಪಿನ ಒಂದು ಪ್ರಕರಣ

ನಮ್ಮಲ್ಲಿಗೆ ಸಲಹೆಗೆ ಬಂದ ಒಬ್ಬ ಮಹಿಳೆಯ ಪ್ರಕರಣವಿದು. ಗುರುತು ಸಿಗದಂತೆ ವಯಸ್ಸು, ಹುದ್ದೆ, ಮನೆಯ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯಲಾಗಿದೆ. ಇಲ್ಲಿ ಅವರನ್ನು 'ವ' ಎಂದು ಕರೆಯೋಣ.

ವ ಅವರಿಗೆ 49. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಮುಂದೆ ನಿಂತು ಲೆಕ್ಕ ಒಪ್ಪಿಸುವುದು ಅವರ ಜವಾಬ್ದಾರಿ. ಬಂದಾಗ ಹೇಳಿಕೊಂಡ ತೊಂದರೆ ಇಷ್ಟೇ: "ಮೊದಲಿನ ಧೈರ್ಯ ಇಲ್ಲ. ಮುಂದಿನ ತಿಂಗಳಿಂದ ಆ ಕೆಲಸ ಬೇರೆಯವರಿಗೆ ವಹಿಸಿಬಿಡ್ತೀನಿ." ಬಟ್ಟೆಯ ಮಾತು ಅರ್ಧ ಗಂಟೆ ಬರಲೇ ಇಲ್ಲ. ಆದರೆ ಫ್ಯಾನು ನೇರ ಅವರ ಕಡೆಗೇ ಬೀಸುತ್ತಿದ್ದರೂ ಮೈಮೇಲೆ ದಪ್ಪನೆಯ ಕಪ್ಪು ಜಾಕೆಟ್, ಮೂರೂ ಗುಂಡಿ ಹಾಕಿದ್ದು. ಮಾತಿನ ನಡುವೆ ಒಮ್ಮೆ ಕೊರಳು, ಮುಖ ಬಿಸಿಯೇರಿ ಮೇಲ್ದುಟಿಯ ಮೇಲೆ ಬೆವರಿನ ಸಾಲು ಮೂಡಿತು. ಅವರು ಜಾಕೆಟ್ ಬಿಚ್ಚಲಿಲ್ಲ. ಎರಡೂ ಅಂಚು ಹಿಡಿದು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು.

"ತೆಗೆದಿಡಬಹುದಲ್ಲ?"

"ಒಳಗೆ ಹಾಕಿರೋದು ಯಾರಿಗೂ ತೋರಿಸೋ ಹಾಗಿಲ್ಲ ಮೇಡಂ."

ಪ್ರಕರಣದ ಗಂಟು ಇದ್ದದ್ದು ಆ ಮಾತಿನಲ್ಲಿ. ಆದರೆ ಅದನ್ನು ಬಿಡಿಸುವ ಮೊದಲು ಕೇಳಬೇಕಾದ ಬೇರೆ ಪ್ರಶ್ನೆಗಳಿದ್ದವು. ಮುಟ್ಟು ಹೇಗಿದೆ ಎಂದಾಗ ತಡವರಿಸಿ ಹೇಳಿದರು: ಎರಡು ತಿಂಗಳು ಬರುವುದೇ ಇಲ್ಲ, ಬಂದರೆ ಒಂದೂವರೆ ಗಂಟೆಗೊಂದು ಪ್ಯಾಡ್ ಬದಲಿಸಬೇಕು, ಗಡ್ಡೆಗಡ್ಡೆ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಇದನ್ನು ಬಟ್ಟೆಯಿಂದ ಸರಿಮಾಡಲಾಗದು. ಇಷ್ಟು ರಕ್ತಸ್ರಾವವಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು; ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಕೇಳಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಹೀಗೇ ಸೆಖೆ, ಬೆವರು, ಎದೆಬಡಿತ ಬರುತ್ತದೆ. ಬಿಸಿಯೇರುವುದಕ್ಕೆ ಹಾರ್ಮೋನ್ ಚಿಕಿತ್ಸೆಯೂ ಉಂಟು, ಹಾರ್ಮೋನ್ ಇಲ್ಲದ ಔಷಧಿಗಳೂ ಉಂಟು. ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮುಟ್ಟು ಸತತ 12 ತಿಂಗಳು ಬಾರದಿದ್ದರೆ ಋತುಬಂಧವಾಯಿತು ಎನ್ನುತ್ತಾರೆ. ಅದಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕೆಂಬುದನ್ನು ಅವರ ಚೀಟಿಯಲ್ಲಿ ಬರೆದುಕೊಟ್ಟೆವು.

ಇನ್ನು ಜಾಕೆಟ್‌ನ ವಿಷಯ. ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತಾ ಬಂದಂತೆ ಮೈಯ ಶಾಖ ಕಾಯುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನ ತಾಳಿಕೆ ಕಿರಿದಾಗುತ್ತದೆ. ಮೊದಲು ಗಮನಕ್ಕೇ ಬಾರದಿದ್ದ ಸಣ್ಣ ಏರಿಕೆ, ಅಂದರೆ ಒಂದು ಮಹಡಿಯ ಮೆಟ್ಟಿಲು, ಮುಚ್ಚಿದ ಕೋಣೆ ಅಥವಾ ಒಂದು ಲೋಟ ಬಿಸಿ ಪಾನೀಯ, ಈಗ ಅದಕ್ಕೆ ಹೆಚ್ಚಾಗಿ ಕಾಣುತ್ತದೆ. ಕೂಡಲೇ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಕಿತ್ತುಬರುತ್ತದೆ. ಎದೆ, ಕೊರಳು, ಮುಖದಲ್ಲಿ ಹತ್ತಿದ ಬಿಸಿ ಸಾಮಾನ್ಯವಾಗಿ 1ರಿಂದ 5 ನಿಮಿಷ ಇರುತ್ತದೆ. ಅದು ಇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಚಳಿ. ಹಾಗಾಗಿ ಈ ವಯಸ್ಸಿನ ಉಡುಪು ಎರಡು ಕೆಲಸ ಮಾಡಬೇಕು: ಬಿಸಿಯನ್ನು ಹೊರಗೆ ಬಿಡಬೇಕು, ಹತ್ತು ನಿಮಿಷದ ನಂತರ ಅದೇ ಮೈಯನ್ನು ಬೆಚ್ಚಗೂ ಇಡಬೇಕು. ಒಂದೇ ಬಟ್ಟೆಯಿಂದ ಇದು ಆಗದು. ಪದರ ಬೇಕು, ಮತ್ತು ಆ ಪದರ ನಾಲ್ಕು ಜನರ ಎದುರು ತೆಗೆಯುವಂತಿರಬೇಕು. ತೆಗೆಯಲಾಗದ್ದನ್ನು ಪದರ ಎಂದು ಕರೆಯುವುದೇ ತಪ್ಪು.

ವ ಮಾಡುತ್ತಿದ್ದದ್ದು ಇದಕ್ಕೆ ತಿರುಗಾಮುರುಗಾ. ಬೆವರಿನ ಕಲೆ ಮುಚ್ಚಲು ಜಾಕೆಟ್, ಜಾಕೆಟ್‌ನಿಂದ ಮೈಕಾವು, ಕಾವಿನಿಂದ ಇನ್ನಷ್ಟು ಬೆವರು, ಬೆವರಿನಿಂದ ಜಾಕೆಟ್ ಬಿಚ್ಚಲು ಇನ್ನಷ್ಟು ಅಂಜಿಕೆ. ಆತಂಕವಿರುವವರಲ್ಲಿ ಇಂಥ 'ರಕ್ಷಣೆಯ ಅಭ್ಯಾಸ'ಗಳನ್ನು ಮತ್ತೆ ಮತ್ತೆ ಕಾಣುತ್ತೇವೆ: ಕಾಪಾಡುತ್ತದೆ ಎಂದು ಹಿಡಿದುಕೊಂಡದ್ದೇ ಭಯವನ್ನು ಸಾಕುತ್ತದೆ. ಧೈರ್ಯ ತುಂಬುವ ಮಾತು ಹೇಳಿ ಕಳಿಸಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಜಾಕೆಟ್ ಬಿಚ್ಚಲು ಸಾಧ್ಯವಾಗಬೇಕಾದರೆ ಮೊದಲು ಒಳಗಿನ ಬಟ್ಟೆ ಬದಲಾಗಬೇಕಿತ್ತು.

ಮೊದಲ ಮನೆಕೆಲಸವಾಗಿ ಹತ್ತು ದಿನ ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ವಿಷಯ ಬರೆಯಲು ಹೇಳಿದೆವು: ಬಿಸಿಯೇರಿದ ಸಮಯ, ಎಲ್ಲಿದ್ದರು, ಮೈಮೇಲೆ ಏನಿತ್ತು, ಒದ್ದೆಯಾದ ಜಾಗ ಯಾವುದು. ಮೊದಲ ಮೂರು ಊಹಿಸಿದಂತೆಯೇ ಬಂದವು. ನಾಲ್ಕನೆಯದು ಅವರನ್ನೇ ಬೆರಗಾಗಿಸಿತು. ವರ್ಷದಿಂದ ಅವರು ಕಂಕುಳಿಗೆ ಬೆವರು ಹೀರುವ ಪ್ಯಾಡ್ ಅಂಟಿಸಿಕೊಳ್ಳುತ್ತಿದ್ದರು. ನಿಜಕ್ಕೂ ಹೆಚ್ಚು ಒದ್ದೆಯಾಗುತ್ತಿದ್ದದ್ದು ಕತ್ತಿನ ಹಿಂಭಾಗ, ಎದೆಯ ಕೆಳಗಿನ ಮಡಿಕೆ ಮತ್ತು ಬೆನ್ನಿನ ನಡು. ಈ ಪುಸ್ತಕವಿಲ್ಲದೆ ಬಟ್ಟೆ ಕೊಳ್ಳಲು ಹೊರಡಬಾರದು ಎನ್ನುವುದು ಇದಕ್ಕೇ. ಯಾರ ಮೈ ಎಲ್ಲಿ ಬೆವರುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ.

ಎರಡನೇ ಭೇಟಿಗೆ ಜಾಕೆಟ್ಟನ್ನೂ ಒಳಗಿನ ಟಾಪನ್ನೂ ಚೀಲದಲ್ಲಿ ತರಲು ಹೇಳಿದ್ದೆವು. ಮೇಜಿನ ಮೇಲೆ ಜಾಕೆಟ್ಟನ್ನು ಒಳಮುಖ ಹೊರಗೆ ಮಾಡಿ ಹರಡಿದಾಗ ಕಾರಣ ಕಣ್ಣೆದುರೇ ಇತ್ತು. ಬೆನ್ನು, ತೋಳು, ಎದೆ ಎಲ್ಲಕ್ಕೂ ಪಾಲಿಯೆಸ್ಟರ್ ಲೈನಿಂಗ್. ಭುಜದಲ್ಲಿ ಸ್ಪಂಜಿನ ಪ್ಯಾಡ್. ಕಂಕುಳ ಹೊಲಿಗೆ ಮೈಗಂಟುವಷ್ಟು ಮೇಲೆ. ಲೈನಿಂಗ್‌ನಲ್ಲಿ ಬೆನ್ನಿನ ನಡುವೆ ಉಪ್ಪಿನ ಬಿಳಿ ಅಂಚು. ಹೊರಗಿನ ಬಟ್ಟೆ ಉಣ್ಣೆಯದೋ ಹತ್ತಿಯದೋ ಎಂದು ಎಲ್ಲರೂ ನೋಡುತ್ತಾರೆ, ಆದರೆ ಮೈಗೆ ತಾಗುವುದು ಲೈನಿಂಗ್. ಒಳಗಿನ ಟಾಪ್ ತೆಳುಪಟ್ಟಿಯದು, ಅದೂ ಪಾಲಿಯೆಸ್ಟರ್, ಬೆಳಕಿಗೆ ಹಿಡಿದರೆ ಕೈಬೆರಳು ಕಾಣುವಷ್ಟು ತೆಳು. ಇದನ್ನು ತೊಟ್ಟು ಯಾರು ತಾನೇ ಜಾಕೆಟ್ ಬಿಚ್ಚಿಯಾರು?

ಅಲ್ಲಿಂದ ಸಲಹೆ ಒಳಗಿನಿಂದ ಹೊರಗೆ ಸಾಗಿತು. ದುಡ್ಡು ಮೊದಲು ಒಳಗಿನ ಟಾಪ್‌ಗೆ, ಜಾಕೆಟ್‌ಗೆ ಕೊನೆಗೆ. ಒಳಗಿನದು ಒಂಟಿಯಾಗಿ ತೊಟ್ಟರೂ ಪೂರ್ತಿ ಉಡುಪು ಅನಿಸಬೇಕು: ಮೊಣಕೈವರೆಗೆ ಅಥವಾ ತುಸು ಮೇಲಕ್ಕೆ ತೋಳು, ಪಾರದರ್ಶಕವಲ್ಲದ ನೇಯ್ಗೆ, 'ವಿ' ಆಕಾರದ ಅಥವಾ ತೆರೆದ ಕಾಲರಿನ ಕೊರಳು. ಬಿಸಿ ಹತ್ತುವುದೇ ಎದೆ-ಕೊರಳಿನಿಂದಾದ್ದರಿಂದ ತೋಳಿನ ಉದ್ದಕ್ಕಿಂತ ಕೊರಳ ತೆರವು ಮುಖ್ಯ. ಕತ್ತು ಮುಚ್ಚುವ ಕಾಲರು, ಗಂಟು ಕಟ್ಟಿದ ಸ್ಕಾರ್ಫು ಬೇಡ. ಭುಜದ ಹೊಲಿಗೆ ಸರಿಯಾಗಿ ಭುಜದ ಎಲುಬಿನ ಮೇಲೇ ಕೂರಬೇಕು. ಸಡಿಲ ಇರಬೇಕಾದ್ದು ಅದರ ಕೆಳಗೆ. ಎದೆಯ ಅಳತೆಗಿಂತ ಒಟ್ಟು 8ರಿಂದ 10 ಸೆಂ.ಮೀ. ಹೆಚ್ಚಿದ್ದರೆ ಗಾಳಿ ಆಡುತ್ತದೆ, ಭುಜ ನೆಟ್ಟಗಿರುವುದರಿಂದ ಜೋಲುಬಿದ್ದಂತೆಯೂ ಕಾಣದು. ಶರ್ಟ್ ಇರಲಿ, ಕುರ್ತಾ ಇರಲಿ, ಈ ಲೆಕ್ಕ ಒಂದೇ.

ಬಟ್ಟೆಯ ವಿಷಯದಲ್ಲಿ "ಹತ್ತಿ ಹಾಕಿ" ಎಂದಷ್ಟೇ ಹೇಳಿದರೆ ಅರ್ಧ ಸಲಹೆ. ಸಾಧಾರಣ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪ್ರತಿಶತ ತೇವ ಹಿಡಿಯುತ್ತದೆ, ಲಿನನ್ ಸುಮಾರು 12, ಪಾಲಿಯೆಸ್ಟರ್ 0.4 ಮಾತ್ರ. ಆದ್ದರಿಂದಲೇ ಮಾಮೂಲಿ ಪಾಲಿಯೆಸ್ಟರ್ ಮೈಗೆ ಅಂಟುತ್ತದೆ, ಬೆವರಿನ ವಾಸನೆಯನ್ನೂ ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಆದರೆ ದಪ್ಪ ಹತ್ತಿ ನೀರು ಕುಡಿದರೆ ಬೇಗ ಆರದು. ವ ಮೊದಲು ಎಡವಿದ್ದು ಇಲ್ಲೇ. ಸಲಹೆ ಪೂರ್ತಿ ಕೇಳುವ ಮುಂಚೆಯೇ ಎರಡು ಅಳತೆ ದೊಡ್ಡದಾದ, ದಪ್ಪ ಹೆಣಿಗೆಯ ಐದು ಹತ್ತಿ ಟಾಪ್ ಕೊಂಡರು. ಒದ್ದೆಯಾದದ್ದು ಗಂಟೆಯಾದರೂ ಆರಲಿಲ್ಲ, ಎಸಿಯ ಕೆಳಗೆ ಚಳಿಯಿಂದ ನಡುಗಿದರು, ಭುಜ ಜಾರಿ ದಿನವಿಡೀ ಎಳೆದುಕೊಳ್ಳುವ ಕೆಲಸ ಬೇರೆ. ಐದು ಒಮ್ಮೆಗೇ ಕೊಳ್ಳಬೇಡಿ. ಒಂದು ಕೊಂಡು ಒಂದು ವಾರ ತೊಟ್ಟು ನೋಡಿ. ತೆಳು ಹತ್ತಿ, ಲಿನನ್, ವಿಸ್ಕೋಸ್ ಮಿಶ್ರಣ ಅಥವಾ ತೆಳುವಾದ ಮೆರಿನೋ ಉಣ್ಣೆ ಅವರಿಗೆ ಹೇಳಿದ ಆಯ್ಕೆಗಳು. ಲಿನನ್ ಬೇಗ ಸುಕ್ಕಾಗುತ್ತದೆ, ಸುಕ್ಕು ಕಂಡರೆ ಮನಸ್ಸು ಕುಗ್ಗುವವರು ಮಿಶ್ರಣವನ್ನೇ ನೆಚ್ಚುವುದು ಒಳ್ಳೆಯದು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಆಚೆ ಹಿಡಿದ ಅಂಗೈಗೆ ಉಸಿರು ತಾಗದಿದ್ದರೆ ಬೆವರಿನ ಆವಿಯೂ ಸುಲಭವಾಗಿ ದಾಟದು. ಒಳಅಂಚಿನ ಮೇಲೆ ಒದ್ದೆ ಬೆರಳಿಟ್ಟು ಹೊರಗಿನಿಂದ ನೋಡಿ. ಕಲೆ ಎದ್ದು ಕಂಡರೆ ಆ ಬಣ್ಣ ಬಿಡಿ. ಬೂದು, ತಿಳಿನೀಲಿ, ಮಾಸಲು ಹಸಿರು ಒದ್ದೆಯನ್ನು ಎದ್ದು ತೋರಿಸುತ್ತವೆ. ಬಿಳಿ, ಕಡುನೀಲಿ, ಕಪ್ಪು ಮತ್ತು ಒತ್ತೊತ್ತಾದ ಸಣ್ಣ ಮುದ್ರಣ ಅಡಗಿಸುತ್ತವೆ. ವ ಅವರ ಕಪಾಟಿನಲ್ಲಿ ಬೂದು ಬಣ್ಣದ್ದೇ ಏಳು ಟಾಪ್ ಇದ್ದವು.

ಜಾಕೆಟ್ ಬಿಡಬೇಕಾಗಿಲ್ಲ. ಲೈನಿಂಗ್ ಇಲ್ಲದ್ದು ಅಥವಾ ಬೆನ್ನಿನ ಮೇಲರ್ಧಕ್ಕೆ ಮಾತ್ರ ಇರುವುದು, ಭುಜದ ಪ್ಯಾಡ್ ಇಲ್ಲದ್ದು, ಒಂದೇ ಗುಂಡಿಯದು. ತೋಳಿನ ಒಳಮೈ ಜಾರುವಂತಿರಬೇಕು, ಇಲ್ಲವಾದರೆ ಒದ್ದೆ ತೋಳಿಗೆ ಅಂಟಿ ಬಿಚ್ಚುವಾಗ ಒಳಗಿನ ಟಾಪೂ ಮೇಲೇರುತ್ತದೆ. ಹಳೆಯ ಕಪ್ಪು ಜಾಕೆಟ್ಟನ್ನು ಎಸೆಯದೆ ದರ್ಜಿಯ ಬಳಿ ಒಯ್ದು ಬೆನ್ನಿನ ಕೆಳಭಾಗದ ಲೈನಿಂಗ್ ತೆಗೆಸಿ, ಒಳಗಿನ ಹೊಲಿಗೆ ಅಂಚುಗಳಿಗೆ ಪಟ್ಟಿ ಕಟ್ಟಿಸಿಕೊಂಡರು.

ಸೊಂಟದ ಅಳತೆ ಈ ವಯಸ್ಸಿನಲ್ಲಿ ಮೋಸ ಮಾಡುತ್ತದೆ. ತೂಕ ಹೆಚ್ಚದಿದ್ದರೂ ಕೊಬ್ಬು ತೊಡೆ-ನಿತಂಬದಿಂದ ಹೊಟ್ಟೆಯ ಕಡೆಗೆ ಸರಿಯುತ್ತದೆ, ಸಂಜೆಗೆ ಹೊಟ್ಟೆ ಉಬ್ಬರ ಬೇರೆ. ಬೆಳಿಗ್ಗೆ ನಿಂತು ಒಮ್ಮೆ, ಸಂಜೆ ಕುರ್ಚಿಯಲ್ಲಿ ಕೂತು ಒಮ್ಮೆ ಟೇಪು ಹಿಡಿಯಿರಿ ಎಂದೆವು. ಅವರದು 86 ಮತ್ತು 92 ಸೆಂ.ಮೀ. ಪ್ಯಾಂಟ್ ಕೊಳ್ಳುತ್ತಿದ್ದದ್ದು 86ಕ್ಕೆ! ಸಂಜೆಯ ಸಭೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿದ್ದದ್ದರಲ್ಲಿ ಸ್ವಲ್ಪ ಪಾಲು ಆ ಸೊಂಟಪಟ್ಟಿಯದು. ಕೂತ ಅಳತೆಗೆ ಕೊಂಡು, ಸೊಂಟಪಟ್ಟಿಯ ಹಿಂಬದಿಗೆ ಮಾತ್ರ ಎಲಾಸ್ಟಿಕ್ ಹಾಕಿಸಿದರೆ ಮುಂದಿನಿಂದ ನೋಟ ಕೆಡದು. ಯೋನಿಭಾಗದ ಶುಷ್ಕತೆ, ಉರಿ ಇರುವವರಿಗೆ ಬಿಗಿ ಪ್ಯಾಂಟಿನ ನಡುಹೊಲಿಗೆಯೇ ಹಿಂಸೆ. ಇದನ್ನು ಹೇಳಿಕೊಳ್ಳಲು ನಾಚಿ ಎಷ್ಟೋ ಜನ ಸುಮ್ಮನೆ ಸಹಿಸುತ್ತಾರೆ. ಇದಕ್ಕೂ ಚಿಕಿತ್ಸೆ ಇದೆ. ಸಡಿಲ ಕಾಲಿನ ಪ್ಯಾಂಟ್, ಹತ್ತಿಯ ಒಳಉಡುಪು ತಕ್ಷಣದ ನೆಮ್ಮದಿ.

ಬ್ರಾ ಅಳತೆಯನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಬೇಕು. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎದೆಯ ಕೆಳಗಿನ ಮಡಿಕೆಯಲ್ಲಿ ತೇವ ನಿಂತು ಚರ್ಮ ಕೆಂಪಾಗುವವರು ಪಟ್ಟಿಯೂ ಬ್ರಾ ಕಪ್‌ನ ಒಳಮೈಯೂ ಹತ್ತಿಯದೇ ಇರುವಂತೆ ನೋಡಿಕೊಳ್ಳಬೇಕು. ಪಾದರಕ್ಷೆಯನ್ನು ಪಾದ ತುಸು ಊದಿರುವ ಸಂಜೆ ಹೊತ್ತು ಕೊಳ್ಳಿ, ಅಷ್ಟು ಸಾಕು.

ಕಚೇರಿಯ ಡ್ರಾಯರಿಗೆ ಒಂದು ಜಿಪ್ ಚೀಲ: ಸುಕ್ಕಾಗದ ಬದಲಿ ಟಾಪ್ ಒಂದು, ಒಳಉಡುಪು, ಪ್ಯಾಡ್, ಚಿಕ್ಕ ಟವೆಲ್, ಒದ್ದೆ ಬಟ್ಟೆ ಹಾಕಲು ಖಾಲಿ ಚೀಲ. ಬದಲಿ ಟಾಪ್ ಅಂದು ತೊಟ್ಟ ಬಣ್ಣದ್ದೇ ಇದ್ದರೆ ಬದಲಿಸಿದ್ದು ಯಾರ ಕಣ್ಣಿಗೂ ಬೀಳದು.

ಇಷ್ಟಾದರೂ ಉಡುಪು ಅಂಜಿಕೆಯನ್ನು ತಾನಾಗಿ ಓಡಿಸದು. ಯೋಚನೆ, ನಡವಳಿಕೆಗಳನ್ನು ತಿದ್ದುವ ಅರಿವು-ವರ್ತನೆ ಚಿಕಿತ್ಸೆಯ (ಸಿಬಿಟಿ) ವಿಧಾನ ಋತುಬಂಧದ ಬಿಸಿಯೇರಿಕೆಯ ಕಿರಿಕಿರಿಯನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಅದನ್ನೇ ಇಲ್ಲಿ ತಾಲೀಮಿನ ರೂಪದಲ್ಲಿ ಬಳಸಿದೆವು. ಸಭೆಗೆ ಮೂರು ದಿನ ಮೊದಲು ಮನೆಯಲ್ಲಿ ಪೂರ್ತಿ ಉಡುಪು ತೊಟ್ಟು, ಎರಡು ಬಾರಿ ಮೆಟ್ಟಿಲು ಹತ್ತಿಳಿದು, ಬಾಗಿಲು ಹಾಕಿದ ಕೋಣೆಯಲ್ಲಿ 20 ನಿಮಿಷ ಕೂತು ವರದಿ ಓದುವುದು. ಬಿಸಿಯೇರಿದ ಕೂಡಲೇ ಎದ್ದು ನಿಲ್ಲದೆ, ಓದು ನಿಲ್ಲಿಸದೆ ಜಾಕೆಟ್ ತೆಗೆದು ಕುರ್ಚಿಗೆ ಹಾಕುವುದು. ಮೊದಲ ಸಲ ಎಡತೋಳು ಸಿಕ್ಕಿಹಾಕಿಕೊಂಡು ಕಣ್ಣಲ್ಲಿ ನೀರು ಬಂತಂತೆ. ನಾಲ್ಕನೇ ಸಲಕ್ಕೆ ಕೈಗೆ ರೂಢಿಯಾಯಿತು. ಸಭೆಯಲ್ಲಿ ಹೇಳಲು ಒಂದು ಸಾಲನ್ನೂ ಅವರೇ ಆರಿಸಿಕೊಂಡರು: "ಸೆಖೆ ಆಗ್ತಿದೆ, ಇದನ್ನ ತೆಗೆದಿಡ್ತೀನಿ. ಈಗ ಮೂರನೇ ಪುಟ ನೋಡಿ." ಕ್ಷಮೆ ಕೇಳುವುದು ಬೇಡ, ಕಾರಣವೂ ಬೇಡ, ಕೂಡಲೇ ಮುಂದಿನ ಅಂಕಿ. ನಿಧಾನವಾಗಿ ಉಸಿರು ಬಿಡುವುದನ್ನೂ ಕಲಿಸಿದೆವು. ಅದು ಬಿಸಿಯನ್ನು ನಿಲ್ಲಿಸುತ್ತದೆ ಎಂದಲ್ಲ. ಗಾಬರಿ ಇಳಿದು ದನಿ ನಡುಗುವುದು ತಪ್ಪುತ್ತದೆ ಎಂದು.

ಸಭೆಯಲ್ಲಿ ಬಿಸಿ ಬಂತು, ಎರಡು ಬಾರಿ. ಮೊದಲನೆಯದಕ್ಕೆ ಜಾಕೆಟ್ ತೆಗೆದರು. ಎರಡನೆಯದಕ್ಕೆ ಮಾತು ಒಮ್ಮೆ ತಡವರಿಸಿತು, ಒಂದು ಲೆಕ್ಕವನ್ನು ಎರಡು ಸಲ ಹೇಳಿದರು. ಜಾಕೆಟ್ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಆ ಲೆಕ್ಕದ ಬಗ್ಗೆ, ಅದಕ್ಕೆ ಅವರಲ್ಲಿ ಉತ್ತರವಿತ್ತು. ವೈದ್ಯರು ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಶುರುಮಾಡಿದ್ದಾರೆ, ರಕ್ತಸ್ರಾವದ ತಪಾಸಣೆ ಇನ್ನೂ ನಡೆದಿದೆ. ರಾತ್ರಿಯ ಬೆವರು, ಮುರಿದ ನಿದ್ದೆ ಹಾಗೇ ಇದೆ. ಅದರ ಬಗ್ಗೆ ಮುಂದಿನ ಭೇಟಿಗಳಲ್ಲಿ ಮಾತಾಡಬೇಕು.

ಐದನೇ ಭೇಟಿಗೆ ಅವರು ತಮ್ಮದಲ್ಲದ ಒಂದು ವಿಷಯ ತಂದರು. ಸಂಸ್ಥೆಯ ಸ್ವಾಗತ ವಿಭಾಗದಲ್ಲಿ 52 ವರ್ಷದ ಒಬ್ಬರು ಕೊರಳವರೆಗೆ ಗುಂಡಿ ಹಾಕುವ ಪಾಲಿಯೆಸ್ಟರ್ ಸಮವಸ್ತ್ರದಲ್ಲಿ ದಿನವಿಡೀ ನಿಲ್ಲುತ್ತಾರೆ; ತಮ್ಮಂತೆ ಬಟ್ಟೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿಲ್ಲ. ಆಡಳಿತಕ್ಕೆ ಬರೆಯುವ ಪತ್ರದ ಕರಡು ಕೂಡಿ ಕೂತು ತಿದ್ದಿದೆವು. ಕೆಲಸದ ಜಾಗದಲ್ಲಿ ಮುಟ್ಟು ಮತ್ತು ಋತುಬಂಧದ ಬಗ್ಗೆ ಬ್ರಿಟಿಷ್ ಮಾನದಂಡ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಬಿ.ಎಸ್. 30416 ಮಾರ್ಗದರ್ಶಿಯನ್ನು ಅದರಲ್ಲಿ ಹೆಸರಿಸಿದ್ದಾರೆ. ಕೇಳಿರುವುದು ಇಷ್ಟು: ಸಮವಸ್ತ್ರದ ಅದೇ ಬಣ್ಣದಲ್ಲಿ ತೆಳು ಹತ್ತಿಯ ಆಯ್ಕೆ, ಮೇಲಿನ ಗುಂಡಿ ಬಿಚ್ಚಲು ಅನುಮತಿ, ಎರಡರ ಬದಲು ನಾಲ್ಕು ಜೊತೆ, ಮೇಜಿನ ಬಳಿ ಒಂದು ಫ್ಯಾನು. ಪತ್ರಕ್ಕೆ ಯಾರದೇ ಹೆಸರು ಸೇರಿಸುವ ಮುನ್ನ ಆ ಸ್ವಾಗತಕಾರರನ್ನೇ ಕೇಳಿ ಎಂದು ಹೇಳಿ ಕಳಿಸಿದೆವು.